ಒಂದೇ ಹೆಸರಿನ ಹಲವು ಉಣ್ಣೆಗಳು

ಕೆಚ್ಚಲಿಗೆ ಕಚ್ಚಿದ ಉಣ್ಣೆಗೆ ಹಾಲಿನ ರುಚಿ ತಿಳಿಯದು ಎಂಬ ಮಾತು ಬಹಳ ಹಳೆಯದು. ಧಾರವಾಡ, ಹಾವೇರಿ, ಗದಗ ಸೀಮೆಯ ಆಡುಮಾತಿನಲ್ಲಿ ಅದು ಉಣ್ಣಿ. ಎಮ್ಮೆಯ ಕಿವಿಯಲ್ಲಿದ್ದರೂ, ನಾಯಿಯ ಕೊರಳಲ್ಲಿದ್ದರೂ ಹೆಸರು ಒಂದೇ. ಆದರೆ ಹೆಸರು ಒಂದಾದ ಮಾತ್ರಕ್ಕೆ ಜೀವಿ ಒಂದೇ ಅಲ್ಲ. ಯಾವ ಉಣ್ಣೆ ಯಾವ ಪ್ರಾಣಿಯ ಮೇಲೆ, ಬದುಕಿನ ಯಾವ ಹಂತದಲ್ಲಿ ಏರುತ್ತದೆ ಮತ್ತು ಇಳಿದ ಮೇಲೆ ಎಲ್ಲಿ ಅಡಗುತ್ತದೆ ಎಂಬುದರ ಮೇಲೆಯೇ ಅದು ತರುವ ರೋಗ ನಿಂತಿದೆ.

ದನಗಳಲ್ಲಿ ಹೆಚ್ಚಾಗಿ ಕಾಣುವ ರಿಪಿಸೆಫಾಲಸ್ ಮೈಕ್ರೊಪ್ಲಸ್ ಮರಿಯಾಗಿ ಹತ್ತಿದ ದನದ ಮೇಲೆಯೇ ಸುಮಾರು ಮೂರು ವಾರ ಬೆಳೆದು, ರಕ್ತ ಕುಡಿದು ಹರಳುಬೀಜದಂತೆ ಉಬ್ಬಿ, ನೆಲಕ್ಕೆ ಬಿದ್ದು ಎರಡು ಸಾವಿರಕ್ಕೂ ಮಿಕ್ಕಿ ಮೊಟ್ಟೆಯಿಟ್ಟು ಸಾಯುತ್ತದೆ. ದನದ ಮೂತ್ರವನ್ನು ಕೆಂಪಾಗಿಸುವ ಬೆಬೇಸಿಯಾ ರೋಗಾಣು ತಾಯಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ದಾಟುವುದು ಇದರಲ್ಲಿಯೇ. ಉಣ್ಣೆಯೂ ರೋಗ ಹರಡಬಲ್ಲದೆಂಬ ಸಂಗತಿಯನ್ನು 1893ರಲ್ಲಿ ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ತೋರಿಸಿಕೊಟ್ಟದ್ದು ಇದೇ ಗುಂಪಿನ ಇನ್ನೊಂದು ಉಣ್ಣೆಯಿಂದ.

ಪಶ್ಚಿಮಕ್ಕೆ ಸರಿದಂತೆ ಕಥೆ ಬೇರೆಯಾಗುತ್ತದೆ. ಹಾನಗಲ್ಲಿನ ಗಡಿ ದಾಟಿದರೆ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕು. ಅಲ್ಲಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿ, ಜನರೂ ಜ್ವರಕ್ಕೆ ಬಲಿಯಾದಾಗ ಮಂಗನ ಕಾಯಿಲೆಯ ವೈರಾಣು ಪತ್ತೆಯಾಯಿತು. ಅದನ್ನು ಹೊರುವ ಮುಖ್ಯ ಉಣ್ಣೆ ಹೀಮಾಫೈಸಾಲಿಸ್ ಸ್ಪಿನಿಜೆರಾ. ಇದು ಮೈಕ್ರೊಪ್ಲಸ್‌ನಂತೆ ಒಂದೇ ಪ್ರಾಣಿಗೆ ಅಂಟಿಕೊಂಡಿರುವುದಿಲ್ಲ. ಎಳೆಯ ಹಂತಗಳಲ್ಲಿ ಇಲಿ, ಮೂಗಿಲಿ, ನೆಲಹಕ್ಕಿ, ಮಂಗಗಳನ್ನೂ, ಬಲಿತ ಮೇಲೆ ದನದಂಥ ದೊಡ್ಡ ಪ್ರಾಣಿಗಳನ್ನೂ ಹಿಡಿಯುತ್ತದೆ. ಮನುಷ್ಯನನ್ನು ಕಚ್ಚುವುದು ಬಹುಪಾಲು ಬಲಿಯದ ಮರಿಯೇ, ಅದೂ ಮಳೆಗಾಲ ಮುಗಿದ ಮೇಲಿನ ಒಣ ತಿಂಗಳುಗಳಲ್ಲಿ. ಸತ್ತ ಮಂಗನ ಮೈಯಿಂದ ಇಳಿದ ಉಣ್ಣೆಗಳು ಅಲ್ಲಿನ ತರಗೆಲೆಯಲ್ಲೇ ಕಾದಿರುತ್ತವೆ. ದನಕ್ಕೆ ಈ ರೋಗ ಬಾಧಿಸದಿದ್ದರೂ, ಕಾಡಿನಲ್ಲಿ ಮೇಯುವ ದನ ಬಲಿತ ಉಣ್ಣೆಗೆ ರಕ್ತ ಉಣಿಸಿ ಅದರ ಸಂತತಿಯನ್ನು ಹೆಚ್ಚಿಸುತ್ತದೆ. ಗದಗಿನ ಎರೆಹೊಲದ ರೈತನಿಗೆ ಈ ತರಗೆಲೆಯ ಭಯವಿಲ್ಲ. ಅವನ ತೊಂದರೆ ಕೊಟ್ಟಿಗೆಯ ಒಳಗಿದೆ.

ನಾಯಿಯ ಕಂದು ಉಣ್ಣೆಯೂ, ರಾತ್ರಿ ಮಾತ್ರ ಹೊರಬಂದು ಕೋಳಿಯ ರಕ್ತ ಹೀರಿ ಬೆಳಗಾಗುವಷ್ಟರಲ್ಲಿ ಗೂಡಿನ ಸಂದಿಗೆ ಮರಳುವ ಅರ್ಗಾಸ್ ಪರ್ಸಿಕಸ್ಸೂ ಮನೆಯ ಗೋಡೆಗಳನ್ನೇ ನೆಚ್ಚಿದವು. ಬಯಲುಸೀಮೆಗೆ ದುಬಾರಿಯಾಗಿರುವ ಹಯಲೊಮ್ಮ ಅನಟೊಲಿಕಮ್ ಕೂಡ ಇದೇ ಜಾಡಿನದು. ಕಾಲಿನ ಮೇಲೆ ಬಿಳಿಪಟ್ಟೆಗಳಿರುವ ಈ ಉಣ್ಣೆ ಮರಿಯಿದ್ದಾಗ ಹೀರಿಕೊಂಡ ಥೈಲೇರಿಯಾ ರೋಗಾಣುವನ್ನು ಬೆಳೆದ ಮೇಲೆ ಮತ್ತೊಂದು ದನಕ್ಕೆ ಕೊಡುತ್ತದೆ. ಹೆಗಲ ಮುಂದಿನ ಗಂಟು ಊದಿ, ಜ್ವರ ಏರಿ, ರಕ್ತ ತೆಳುವಾಗುವುದು ಅದರ ಲಕ್ಷಣ.

ಉಣ್ಣೆ ಹೊಸದಲ್ಲ, ದನ ಹೊಸದು. ತಲೆಮಾರುಗಳಿಂದ ಇದರೊಡನೆ ಬಾಳಿದ ನಾಟಿ ದನಗಳು ಸೋಂಕನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತಿದ್ದವು. 1970ರಲ್ಲಿ ದೇಶದ ಹಾಲಿನ ಉತ್ಪಾದನೆ ಹೆಚ್ಚಿಸುವ ಆಪರೇಷನ್ ಫ್ಲಡ್ ಯೋಜನೆ ಆರಂಭವಾದ ನಂತರದ ದಶಕಗಳಲ್ಲಿ ಹಾಲಿನ ಡೇರಿಗಳ ಜೊತೆಗೆ ಊರೂರಿಗೆ ಬಂದ ಜರ್ಸಿ, ಹೋಲ್‌ಸ್ಟೀನ್ ಮಿಶ್ರತಳಿಗಳಿಗೆ ಆ ತಾಳಿಕೆ ಇರಲಿಲ್ಲ. ಬಯಲಿನಲ್ಲಿ ಮೇಯುವ ದನದ ಬದಲು ದಿನವಿಡೀ ಕಟ್ಟಿದಲ್ಲೇ ನಿಲ್ಲುವ ಆಕಳು, ಅದರ ಹಿಂದೆಯೇ ಬಿರುಕುಬಿಟ್ಟ ಗೋಡೆ: ಈ ಉಣ್ಣೆಗೆ ಇದಕ್ಕಿಂತ ಅನುಕೂಲದ ಜಾಗ ಬೇರೊಂದಿಲ್ಲ.

ಕುಂದಗೋಳದ ಕಡೆಯ ಒಂದು ಕೊಟ್ಟಿಗೆಯಲ್ಲಿ ಹಾಲು ಹಿಂಡುವ ಹೊತ್ತಿಗೆ ಬ್ಯಾಟರಿ ಹಿಡಿದು ನೋಡಿದ್ದೆ. ಆಕಳ ಬಾಲದ ಬುಡದಲ್ಲಿ ನಾಲ್ಕಾರು ಉಣ್ಣೆಗಳಿದ್ದರೆ, ಮೇವು ಹಾಕುವ ಗ್ವಾದಲಿಯ ಹಿಂದಿನ ಇಟ್ಟಿಗೆ ಸಂದಿಯಲ್ಲಿ ಎಣಿಸಲಾಗದಷ್ಟು ಮುತ್ತಿಕೊಂಡಿದ್ದವು. ಆ ಮನೆಯ ಯಜಮಾನರು ಹಿಂದಿನ ದಿನವಷ್ಟೇ ಔಷಧ ಹೊಡೆದಿದ್ದರು, ಆಕಳ ಮೈಗೆ ಮಾತ್ರ.