ಹಲ್ಲಿ ಕೂಗಿಸಿದ ಸೈರನ್

ಮನೆಗಳಿಗೆ ಕಳ್ಳರ ಅಲಾರ್ಮ್ ಕೂರಿಸುವುದು ನನ್ನ ಕೆಲಸ. ಮಳೆಗಾಲದ ಆಟಿ ತಿಂಗಳ ಒಂದು ರಾತ್ರಿ, ಎರಡು ಗಂಟೆ ದಾಟಿತ್ತು. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದಿಂದ ಫೋನ್ ಬಂತು. “ನಿಮ್ಮ ಸೈರನ್ ಮತ್ತೆ ಶುರುವಾಗಿದೆ. ನಾವಂತೂ ಇನ್ನು ಟಾರ್ಚ್ ಹಿಡಿದುಕೊಂಡು ಹೋಗುವವರಲ್ಲ.” ಮಾತಾಡಿದವರು ನೆರೆಮನೆಯ ಹಿರಿಯರು. ಸೈರನ್ ಇದ್ದ ಮನೆಯ ಯಜಮಾನರು ದುಬೈಯಲ್ಲಿ, ಮನೆಗೆ ಬೀಗ. ಆ ವಾರ ಸೈರನ್ ಕೂಗಿದ್ದು ಮೂರನೇ ಸಲ. ಮೊದಲ ಸಲ ನಾಲ್ಕು ಮನೆಯವರು ದೊಣ್ಣೆ ಹಿಡಿದು ಓಡಿ ಬಂದಿದ್ದರಂತೆ, ಎರಡನೇ ಸಲ ಒಬ್ಬರೇ.

ಬೆಳಗ್ಗೆ ಹೋಗಿ ಚಾವಡಿಯ ಮೂಲೆಯಲ್ಲಿದ್ದ ಸೆನ್ಸರಿನ ಮುಚ್ಚಳ ತೆಗೆದೆ. ಒಳಗೆ ಹಲ್ಲಿಮೊಟ್ಟೆಯ ಎರಡು ಚಿಪ್ಪು, ಒಂದು ಹಿಡಿ ಇರುವೆ. ವಯರ್ ಒಳಬರುವ ತೂತನ್ನು ಸಿಲಿಕೋನ್ ಹಾಕಿ ಮುಚ್ಚಿರಲಿಲ್ಲ. ಅದನ್ನು ಕೂರಿಸಿದವನು ನನ್ನ ಹುಡುಗ, ಸರಿಯಾಗಿದೆ ಎಂದು ಬಿಲ್ಲಿಗೆ ಸಹಿ ಹಾಕಿದವನು ನಾನು. ಹಲ್ಲಿಯನ್ನು ದೂರುವ ಬಾಯಿ ನನಗಿರಲಿಲ್ಲ.

ಈ ಸೆನ್ಸರಿಗೆ ಕಳ್ಳ ಯಾರು, ಮನೆಯವರು ಯಾರು ಎಂಬ ಭೇದವಿಲ್ಲ. ಅದಕ್ಕೆ ತಿಳಿಯುವುದು ಬಿಸಿಯ ಏರುಪೇರು ಮಾತ್ರ. ಮುಂದಿರುವ ಬಿಳಿ ಪ್ಲಾಸ್ಟಿಕ್ ಮಸೂರ ಕೋಣೆಯನ್ನು ಬೀಸಣಿಗೆಯ ಗರಿಗಳಂತೆ ಪಟ್ಟಿ ಪಟ್ಟಿಯಾಗಿ ಹಂಚಿಕೊಳ್ಳುತ್ತದೆ. ಮೈಬಿಸಿ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದರೆ, ಸೈರನ್ ಕೂಗಿಸುವ ನಿಯಂತ್ರಣ ಪೆಟ್ಟಿಗೆಗೆ, ಅಂದರೆ ಪ್ಯಾನೆಲಿಗೆ, ಸುದ್ದಿ ಹೋಗುತ್ತದೆ. ಹತ್ತು ಅಡಿ ದೂರದ ಹಲ್ಲಿ ಲೆಕ್ಕಕ್ಕಿಲ್ಲ. ಮಸೂರದ ಮೇಲೆಯೇ ಹರಿದಾಡಿದರೆ ಅದು ಆಳೆತ್ತರದ ಮನುಷ್ಯನಿಗೆ ಸಮ. ಇನ್ನು ನಮ್ಮ ಮಳೆಗಾಲದಲ್ಲಿ ಹಲಸಿನ ಮರದ ಬಾಗಿಲು ನೀರು ಕುಡಿದು ಉಬ್ಬುತ್ತದೆ, ಚಿಲಕ ಪೂರ್ತಿ ಬೀಳುವುದಿಲ್ಲ, ಗಾಳಿಗೆ ಬಾಗಿಲು ಸರಿದು, ಅದು ತೆರೆದರೆ ತಿಳಿಯಲೆಂದು ಕೂರಿಸಿದ ಅಯಸ್ಕಾಂತ ದೂರವಾಗುತ್ತದೆ, ಸೈರನ್ ಕೂಗುತ್ತದೆ. ಪ್ಯಾನೆಲಿನ 12 ವೋಲ್ಟ್ ಬ್ಯಾಟರಿಯ ಆಯುಷ್ಯ ಮೂರು ನಾಲ್ಕು ವರ್ಷ. ಅದನ್ನು ಸಮಯಕ್ಕೆ ಬದಲಿಸಿದ ಗಿರಾಕಿಗಳನ್ನು ಬೆರಳೆಣಿಕೆಯಲ್ಲಿ ಹೇಳಬಲ್ಲೆ.

“ಇದಕ್ಕೆ ಕಾನೂನು ಇಲ್ಲವೇ?” ಎಂದು ಕೇಳುವವರಿದ್ದಾರೆ. ಮನೆಗೆ ಅಲಾರ್ಮ್ ಹಾಕಲು ಇಲ್ಲಿನ ಯಾವ ಪಂಚಾಯತಿಯೂ ನನ್ನಲ್ಲಿ ಇದುವರೆಗೆ ಪರವಾನಗಿ ಕೇಳಿದ್ದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗಿನ ಮಿತಿ 45 ಡೆಸಿಬೆಲ್. ನಾವು ಕೂರಿಸುವ ಸೈರನ್ 100 ದಾಟುತ್ತದೆ. 2011ರ ಕೇರಳ ಪೊಲೀಸ್ ಕಾಯ್ದೆಯ 118ನೇ ಕಲಮಿನಲ್ಲಿ ಸುಳ್ಳು ಎಚ್ಚರಿಕೆಗೆ ಶಿಕ್ಷೆ ಇದೆ, ಆದರೆ ಅದು ಗೊತ್ತಿದ್ದೂ ಪೊಲೀಸರ ದಾರಿ ತಪ್ಪಿಸುವವರಿಗೆ. ಹಲ್ಲಿಗೆ ಅದು ಅನ್ವಯಿಸದು, ಸಿಲಿಕೋನ್ ಮರೆತವನಿಗೂ ಅನ್ವಯಿಸದು.

ಇಂಗ್ಲೆಂಡಿನಲ್ಲಿ ಪೊಲೀಸರಿಗೆ ಜೋಡಿಸಿದ ಅಲಾರ್ಮಿಗೆ ನೋಂದಣಿ ಸಂಖ್ಯೆ ಇರುತ್ತದೆ. ಹನ್ನೆರಡು ತಿಂಗಳಲ್ಲಿ ಮೂರು ಸುಳ್ಳು ಕರೆ ಹೋದರೆ ಪೊಲೀಸರು ಬರುವುದನ್ನು ನಿಲ್ಲಿಸುತ್ತಾರೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ 2000ದಿಂದ, ಮೊದಲು ಖಾಸಗಿ ಕಾವಲಿನವರು ಹೋಗಿ ನೋಡಬೇಕು, ಪೊಲೀಸರು ಆಮೇಲೆ. ಬದಿಯಡ್ಕದ ನೆರೆಯವರು ಯಾವ ಸುತ್ತೋಲೆಯೂ ಇಲ್ಲದೆ ಇಂಗ್ಲೆಂಡಿನ ಆ ಮೂರು ಸಲದ ಲೆಕ್ಕವನ್ನೇ ಹಿಡಿದಿದ್ದರು, ಅದೂ ಒಂದೇ ವಾರದಲ್ಲಿ.

ಹಾಗೆಂದು ಸೂಕ್ಷ್ಮತೆಯನ್ನು ತಗ್ಗಿಸಿಬಿಡುವುದೂ ಆಗದ ಮಾತು. 2015ರಲ್ಲಿ ಚೆರುವತ್ತೂರಿನ ಬ್ಯಾಂಕ್ ಶಾಖೆಯೊಂದಕ್ಕೆ ಕಳ್ಳರು ನುಗ್ಗಿದ್ದು ಕೆಳಗಿನ ಕೋಣೆಯನ್ನು ಬಾಡಿಗೆಗೆ ಹಿಡಿದು, ನೆಲವನ್ನು ಕೊರೆದು. ಬಾಗಿಲಿಗೆ ಎಷ್ಟು ಅಯಸ್ಕಾಂತ ಕೂರಿಸಿದರೆ ಏನು ಫಲ? ಆಮೇಲೆ ನೆಲದ ಕಂಪನ ಹಿಡಿಯುವ ಸೆನ್ಸರ್ ಬೇಕೆಂದು ಕೇಳುವವರು ಹೆಚ್ಚಾದರು. ಹೆದ್ದಾರಿಯ ಬದಿಯ ಕಟ್ಟಡಗಳಲ್ಲಿ ಅದನ್ನು ಕೂರಿಸಿ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ತಲಪಾಡಿಯಿಂದ ಚೆಂಗಳದವರೆಗೆ ಆರು ಪಥದ ಕಾಮಗಾರಿ ನಡೆಯುತ್ತಿದ್ದಾಗ ರೋಲರ್ ಹೋದರೂ ಕೂಗು, ಟಿಪ್ಪರ್ ಹೋದರೂ ಕೂಗು.

ಕೇರಳ ಸರ್ಕಾರದ ಎಲೆಕ್ಟ್ರಾನಿಕ್ಸ್ ಸಂಸ್ಥೆ ಕೆಲ್ಟ್ರಾನ್ ಜೊತೆಗೂಡಿ ಕೇರಳ ಪೊಲೀಸರು ನಡೆಸುವ ನಿಗಾ ವ್ಯವಸ್ಥೆಯೂ ಇದೆ. ಅಲ್ಲಿ ಅಲಾರ್ಮಿನ ಸುದ್ದಿ ತಿರುವನಂತಪುರದ ಕೇಂದ್ರಕ್ಕೆ ಮುಟ್ಟುತ್ತದೆ, ಕ್ಯಾಮೆರಾದ ದೃಶ್ಯವೂ ಜೊತೆಗೆ ಹೋಗುವುದರಿಂದ ಹಲ್ಲಿಯೋ ಕಳ್ಳನೋ ಎಂದು ಅಲ್ಲಿಯೇ ನೋಡಬಹುದು. ಒಳ್ಳೆಯ ಕ್ರಮ. ಆದರೆ ಇಂಥ ಯಾವ ವ್ಯವಸ್ಥೆಗಾದರೂ ಸಂಪರ್ಕಕ್ಕೆಂದು ಫೋನ್ ಸಂಖ್ಯೆ ಬರೆಸುವಾಗ ಒಂದು ಯೋಚನೆ ಬೇಕು. ಪೆರ್ಲದ ಅಜ್ಜಿಗೆ ನಡುರಾತ್ರಿ ಮಲಯಾಳದಲ್ಲಿ ಗಡಿಬಿಡಿಯ ಕರೆ ಬಂದರೆ ಅವರು “ರಾಂಗ್ ನಂಬರ್” ಎಂದು ಇಟ್ಟುಬಿಡುತ್ತಾರೆ. ಮಲಯಾಳ ಬಲ್ಲ ಮೊಮ್ಮಗನ ಸಂಖ್ಯೆಯನ್ನೂ ಕೊಡಿ ಎನ್ನುತ್ತೇನೆ.

ಈಗ ನಾನು ಒಂದೇ ಸೆನ್ಸರಿನ ಮಾತಿಗೆ ಹೊರಗಿನ ಸೈರನ್ ಕೂಗಿಸುವುದಿಲ್ಲ. ಮೊದಲ ಸುದ್ದಿ ಯಜಮಾನರ ಮೊಬೈಲಿಗೆ. ಎರಡನೇ ಸೆನ್ಸರ್ ಕೂಡ ಹೌದೆಂದರೆ ಸೈರನ್, ಅದೂ ಐದೇ ನಿಮಿಷ. ಕಳ್ಳ ಒಂದೇ ಕೋಣೆಗೆ ಇಳಿದು ಅಲ್ಲಿಂದಲೇ ಹೋದರೆ ತಪ್ಪಿಸಿಕೊಂಡಾನು, ಅದನ್ನು ಗಿರಾಕಿಗೆ ಮೊದಲೇ ಹೇಳುತ್ತೇನೆ. ಸೈರನ್ ಕೂಗಿದರೆ ಬಂದು ನೋಡುವವರ ಪಟ್ಟಿಯೊಂದನ್ನೂ ಬರೆಸಿಕೊಳ್ಳುತ್ತೇನೆ.

ಬದಿಯಡ್ಕದ ಮನೆಯ ಪಟ್ಟಿಗೆ ಮೊದಲ ಹೆಸರಾಗಿ ಆ ನೆರೆಮನೆಯ ಹಿರಿಯರನ್ನೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರೆದುಕೊಳ್ಳಿ ಮಾಸ್ಟ್ರೇ. ಆದರೆ ದುಬೈಯವರಿಗೆ ಹೇಳಿ, ಗೇಟಿನ ಒಂದು ಕೀ ನಮ್ಮಲ್ಲಿರಲಿ. ಹಿಂದಿನ ಎರಡು ಸಲವೂ ಈ ಮಳೆಯಲ್ಲಿ ಪಾಗಾರ ಹತ್ತಿದವನು ನಾನೇ” ಎಂದರು.