ಯಾರೂ ನೋಡದ ಪರಮಾಣುವನ್ನು ವಿಜ್ಞಾನಿಗಳು ಒಪ್ಪಿದ್ದು ಹೇಗೆ?

ಪ್ರಶ್ನೆ: ಪರಮಾಣುವನ್ನು ಯಾರೂ ಕಣ್ಣಾರೆ ನೋಡಿರಲಿಲ್ಲ. ಆದರೂ ಅದು ಇದೆ ಅಂತ ವಿಜ್ಞಾನಿಗಳಿಗೆ ಖಾತ್ರಿಯಾಗಿದ್ದು ಹೇಗೆ?

ಉತ್ತರ: ಎಣಿಸಿದ್ದರಿಂದ. ಆದರೆ ಅಲ್ಲಿಗೆ ಬರೋಕೆ ನೂರು ವರ್ಷ ಜಗಳ ನಡೆಯಿತು.

ಪ್ರಾಚೀನ ಗ್ರೀಸಿನ ಡೆಮಾಕ್ರಿಟಸ್, ನಮ್ಮ ಕಣಾದ ಇವರೆಲ್ಲ ಪರಮಾಣುವಿನ ಬಗ್ಗೆ ಹೇಳಿದ್ದು ಊಹೆ, ಅದರಲ್ಲಿ ಅಳತೆ ಇರಲಿಲ್ಲ. ತೂಕದ ಲೆಕ್ಕ ತಂದವರು ಇಂಗ್ಲೆಂಡಿನ ಜಾನ್ ಡಾಲ್ಟನ್, 1800ರ ನಂತರ. 12 ಗ್ರಾಂ ಇಂಗಾಲಕ್ಕೆ 16 ಗ್ರಾಂ ಆಮ್ಲಜನಕ ಸೇರಿದರೆ ಕಾರ್ಬನ್ ಮೊನಾಕ್ಸೈಡ್, 32 ಗ್ರಾಂ ಸೇರಿದರೆ ಕಾರ್ಬನ್ ಡೈಆಕ್ಸೈಡ್. ಸರಿಯಾಗಿ ಎರಡು ಪಟ್ಟು. ನಡುವೆ 20 ಗ್ರಾಂ ಹಿಡಿಯುವ ಇನ್ನೊಂದು ಅನಿಲ ಇಲ್ಲ. ವಸ್ತು ಬಿಡಿ ಬಿಡಿ ಕಣಗಳಿಂದ ಆಗಿದ್ದರೆ ಹೀಗೇ ಆಗಬೇಕು, ಅಲ್ವಾ? ಅರ್ಧ ಕಣ ಸೇರೋಕೆ ಆಗಲ್ಲ.

ಅರ್ನ್ಸ್ಟ್ ಮಾಖ್, ವಿಲ್ಹೆಲ್ಮ್ ಓಸ್ಟ್ವಾಲ್ಡ್ ಅವರಂಥ ದೊಡ್ಡ ವಿಜ್ಞಾನಿಗಳಿಗೆ ಇದು ಸಾಲಲಿಲ್ಲ. ಲೆಕ್ಕಕ್ಕೆ ಅನುಕೂಲ ಅಂದಮಾತ್ರಕ್ಕೆ ಆ ವಸ್ತು ನಿಜವಾಗಿ ಇರಲೇಬೇಕೇ? ಇದನ್ನು ಹಟ ಅಂತ ತಳ್ಳಿಹಾಕಬಾರದು. ಆಗಿನ ಮಟ್ಟಿಗೆ ನ್ಯಾಯವಾದ ತಕರಾರೇ.

ಉತ್ತರ ಸಿಕ್ಕಿದ್ದು ಬೇರೆಯೇ ಕಡೆಯಿಂದ. 1827ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಪರಾಗದೊಳಗಿನ ಪುಟ್ಟ ಕಣಗಳನ್ನು ನೀರಿನಲ್ಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಅವು ಸುಮ್ನೆ ಇರಲೇ ಇಲ್ಲ, ಅತ್ತಿತ್ತ ಅಲೆಯುತ್ತಿದ್ದವು. ಜೀವ ಇರಬಹುದೇ? ಕಲ್ಲಿನ ಪುಡಿ ಹಾಕಿದರೂ ಅದೇ ಅಲೆದಾಟ!

1905ರಲ್ಲಿ ಐನ್‌ಸ್ಟೈನ್ ಇದಕ್ಕೆ ಲೆಕ್ಕ ಕೊಟ್ಟರು. ನೀರಿನ ಅಣುಗಳು, ಅಂದರೆ ಪರಮಾಣುಗಳು ಕೂಡಿ ಆದ ಗುಂಪುಗಳು, ಕಣವನ್ನು ಎಲ್ಲ ಕಡೆಯಿಂದ ಗುದ್ದುತ್ತವೆ. ಒಂದೊಂದು ಕ್ಷಣ ಒಂದೊಂದು ಕಡೆಯ ಗುದ್ದು ಜಾಸ್ತಿ ಬೀಳುತ್ತದೆ. ಹಾಗಿದ್ದರೆ ನಾಲ್ಕು ಪಟ್ಟು ಸಮಯ ಕಳೆದಾಗ ಕಣ ಸರಾಸರಿ ಎರಡೇ ಪಟ್ಟು ದೂರ ಸರಿದಿರಬೇಕು. ಆ ದೂರ ಅಳೆದರೆ ಅಣುಗಳ ಸಂಖ್ಯೆಯೂ ಸಿಗುತ್ತದೆ.

ಅಳೆದವರು ಪ್ಯಾರಿಸ್ಸಿನ ಜಾನ್ ಪೆರಾಂ, 1908ರಿಂದ. ಮರದ ಅಂಟಿನ ಸಣ್ಣ ಸಣ್ಣ ಗುಂಡುಗಳನ್ನು ನೀರಿನಲ್ಲಿ ಬಿಟ್ಟರು. ಅವುಗಳ ಅಲೆದಾಟ ಅಳೆದರು, ಯಾವ ಎತ್ತರದಲ್ಲಿ ಎಷ್ಟಿವೆ ಅಂತ ಎಣಿಸಿದರು. ಇಂಥ ತಾಳ್ಮೆಯ ಕೆಲಸಕ್ಕೆ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲ ಅನ್ನಿಸುತ್ತದೆ. 12 ಗ್ರಾಂ ಇಂಗಾಲದಲ್ಲಿ ಎಷ್ಟು ಪರಮಾಣು? ಅವರ ಎರಡೂ ದಾರಿಯ ಉತ್ತರ ಹೆಚ್ಚುಕಡಿಮೆ ಒಂದೇ, ಇಂದಿನ ಲೆಕ್ಕಕ್ಕೂ ಹತ್ತಿರ: 6ರ ಮುಂದೆ 23 ಸೊನ್ನೆ. ಆಕಾಶದ ನೀಲಿ ಬಣ್ಣದಿಂದ, ವಿಕಿರಣದಿಂದ ಲೆಕ್ಕ ಹಾಕಿದರೂ ಅದರ ಆಸುಪಾಸಿಗೇ ಬಂತು. ಪರಮಾಣು ಬರೀ ಕಲ್ಪನೆಯಾಗಿದ್ದರೆ ಸಂಬಂಧವೇ ಇಲ್ಲದ ಇಷ್ಟು ದಾರಿಗಳು ಒಂದೇ ಕಡೆ ಸೇರೋಕೆ ಕಾರಣವೇ ಇಲ್ಲ.

ಓಸ್ಟ್ವಾಲ್ಡ್ ಸೋಲೊಪ್ಪಿಕೊಂಡರು. ಪೆರಾಂಗೆ 1926ರಲ್ಲಿ ನೊಬೆಲ್ ಬಂತು. ಚೂಪಾದ ಸೂಜಿಯಿಂದ ಪರಮಾಣುಗಳ ಚಿತ್ರ ತೆಗೆಯುವ ಯಂತ್ರ ಬಂದಿದ್ದು 1981ರಲ್ಲಿ. ಅಷ್ಟು ಹೊತ್ತಿಗೆ ಅನುಮಾನ ಪಡುವವರೇ ಉಳಿದಿರಲಿಲ್ಲ.