ಮುದ್ರೆಯನ್ನು ಕಡೆಗೆ ನೋಡಿ

"ಇದು ಟಿಪ್ಪು ಕಾಲದ್ದು ಸರ್, ಹುಲಿ ಪಟ್ಟೆ ನೋಡಿ." ಹಳೇ ಪಿಸ್ತೂಲು ಅಸಲಿಯೇ ಎಂದು ಕೇಳಲು ನನ್ನ ಬಳಿ ತರುವವರು ಮೊದಲು ಬೆರಳಿಡುವುದು ಅದರ ಮೇಲಿನ ಮುದ್ರೆಯ ಮೇಲೇ. ನಾನು ಅದನ್ನು ಕಡೆಗೆ ನೋಡುತ್ತೇನೆ. ಆಮೇಲೆ ಸೇರಿಸಲು ಎಲ್ಲಕ್ಕಿಂತ ಸುಲಭವಾದದ್ದು ಮುದ್ರೆಯೇ ಅಲ್ವಾ?

ಶ್ರೀರಂಗಪಟ್ಟಣದಲ್ಲಿ ತಯಾರಾದ ಚಕಮಕಿ ಪಿಸ್ತೂಲು, ಕೋವಿಗಳಿಗೆ ಬೇಡಿಕೆ ಜಾಸ್ತಿ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಎಷ್ಟೋ ಆಯುಧಗಳು ಲೂಟಿಯಾಗಿ ಇಂಗ್ಲೆಂಡ್ ಸೇರಿದವು. ಹಾಗಾಗಿ "ಟಿಪ್ಪುವಿನದು" ಎಂಬ ಮಾತು ಬಂದ ಕೂಡಲೇ ಬೆಲೆ ಏರುತ್ತದೆ.

ಯಾವ ಪರೀಕ್ಷೆಗೂ ಮುಂಚೆ ಒಳಗೆ ಮದ್ದು ಉಳಿದಿದೆಯೇ ನೋಡಬೇಕು. ಮರದ ಕಡ್ಡಿಯನ್ನು ನಳಿಗೆಯೊಳಗೆ ಇಳಿಸಿ, ಅದೇ ಅಳತೆಯನ್ನು ಹೊರಗಿಟ್ಟು ನೋಡಿ. ಕಿಡಿ ಒಳಹೋಗುವ ತೂತಿನವರೆಗೂ ಕಡ್ಡಿ ಮುಟ್ಟದಿದ್ದರೆ ಒಳಗೆ ಏನೋ ಇದೆ. ಅಲ್ಲಿಗೇ ನಿಲ್ಲಿಸಿ.

ಆಮೇಲೆ ನಳಿಗೆಯನ್ನು ಮರದಿಂದ ಬಿಡಿಸುತ್ತೇನೆ. ಅದರ ತಳಭಾಗಕ್ಕೆ ಯಾರ ಕೈಯೂ ತಾಗಿರುವುದಿಲ್ಲ, ಪಾಲಿಶ್ ಬಟ್ಟೆಯೂ ಹೋಗಿರುವುದಿಲ್ಲ. ಅಲ್ಲಿನ ಅರದ ಗೀರು, ತುಕ್ಕಿನ ಬಣ್ಣ ನಳಿಗೆಯ ವಯಸ್ಸನ್ನು ಹೇಳುತ್ತವೆ. ಮರದಲ್ಲಿ ತೋಡಿದ ಜಾಗ ಸಡಿಲವಾಗಿದ್ದು, ಮೇಣವೋ ಮರದ ಚೂರೋ ತುಂಬಿದ್ದರೆ ನಳಿಗೆ ಬೇರೆ ಆಯುಧದ್ದಿರಬಹುದು.

ಈಗ ಮುದ್ರೆಗೆ ಭೂತಗನ್ನಡಿ ಹಿಡಿಯಿರಿ. ಅಚ್ಚು ಹೊಡೆದಾಗ ಕಬ್ಬಿಣ ಪಕ್ಕಕ್ಕೆ ಸರಿದು ಅಂಚಿನಲ್ಲಿ ಸಣ್ಣ ದಿಂಡು ಏಳುತ್ತದೆ. ಇನ್ನೂರು ವರ್ಷಗಳ ಬಳಕೆಯಲ್ಲಿ ಆ ದಿಂಡು ಸವೆದು ನುಣುಪಾಗಿರಬೇಕು. ತುಕ್ಕಿನ ಗುಳಿಗಳು ಮುದ್ರೆಯ ಮೇಲೂ ಹಾದುಹೋಗಿರಬೇಕು. ಸುತ್ತ ಗುಳಿ ಇದ್ದು ಅಕ್ಷರ ಮಾತ್ರ ಚೊಕ್ಕವಾಗಿದ್ದರೆ, ತುಕ್ಕು ಮೊದಲು ಬಂತು, ಮುದ್ರೆ ಆಮೇಲೆ. ಕೋಫ್ತ್‌ಗಾರಿ, ಅಂದರೆ ಗೀರಿದ ಕಬ್ಬಿಣದ ಮೇಲೆ ಚಿನ್ನ ಕೂರಿಸಿದ ಕೆಲಸವಾದರೆ, ಚಿನ್ನ ಎದ್ದುಹೋದ ಕಡೆ ಕೆಳಗಿನ ಒತ್ತೊತ್ತು ಗೀರುಗಳು ಕಾಣುತ್ತವೆ. ಚಿನ್ನ ನಿಲ್ಲುವುದೇ ಆ ಗೀರುಗಳ ಹಿಡಿತದಿಂದ. ಬರೀ ಗಿಲೀಟಿನ ಅಡಿಯಲ್ಲಿ ಅವು ಸಿಗುವುದಿಲ್ಲ.

ನನಗೆ ತುಂಬಾ ಇಷ್ಟವಾದ ಸಾಕ್ಷಿ ಇಸವಿ. ಟಿಪ್ಪು 1787ರ ಸುಮಾರಿಗೆ ಹಿಜರಿ ಬಿಟ್ಟು ಮೌಲೂದಿ ಎಂಬ ಹೊಸ ಶಕ ಜಾರಿಗೆ ತಂದ. ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದ. ಈ ಶಕದ 1222ನೇ ವರ್ಷ ಲೋಹದ ಮೇಲೆ ನಮ್ಮ ಕಣ್ಣಿಗೆ 2221 ಎಂದು ಕಾಣುತ್ತದೆ. ಪರ್ಷಿಯನ್ ಅಂಕಿ ಗೊತ್ತಿದ್ದೂ ಈ ಕ್ರಮ ತಿಳಿಯದ ನಕಲಿಗಾರ ಎಡದಿಂದಲೇ ಬರೆದುಬಿಡುತ್ತಾನೆ. ಟಿಪ್ಪುವಿನ ನಾಣ್ಯಗಳಲ್ಲಿ ಈ ಶಕದ ವರ್ಷಗಳು 1215ರಿಂದ 1227ರವರೆಗೆ ಮಾತ್ರ ಸಿಗುತ್ತವೆ. ಆಮೇಲಿನ ವರ್ಷ ಕಂಡರೆ ಅದು ನಕಲಿ ಎನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ.

ಇಂಗ್ಲಿಷ್ ನಳಿಗೆಗಳಲ್ಲೂ ಇಸವಿಯೇ ಸಹಾಯಕ್ಕೆ ಬರುತ್ತದೆ. ನಳಿಗೆಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವ ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮನೆ ಶುರುವಾದದ್ದು 1813ರಲ್ಲಿ. ಅದರ ಮುದ್ರೆ ಇರುವ ಪಿಸ್ತೂಲು 1799ರ ಯುದ್ಧದಲ್ಲಿ ಇತ್ತು ಎನ್ನುವ ಕತೆ ನಂಬಬೇಡಿ. ಈಸ್ಟ್ ಇಂಡಿಯಾ ಕಂಪನಿ ಹೃದಯದಾಕಾರದ ಮುದ್ರೆ ಬಿಟ್ಟು ಸಿಂಹದ ಮುದ್ರೆಗೆ ಬಂದದ್ದೂ 1808ರಲ್ಲಿ.

ಒಮ್ಮೆ ಒಬ್ಬ ಹಿರಿಯರು ತಾತನ ಪಿಸ್ತೂಲು ತಂದರು. "ಚೆನ್ನಾಗಿ ಕಾಣಲಿ ಅಂತ ಎಮರಿ ಹಾಳೆಯಲ್ಲಿ ಉಜ್ಜಿದೆ" ಎಂದರು. ನಳಿಗೆ ಹೊಸ ಸ್ಟೀಲ್ ಲೋಟದ ಹಾಗೆ ಹೊಳೆಯುತ್ತಿತ್ತು. ಮುದ್ರೆಯ ಅರ್ಧ ಹೋಗಿತ್ತು. ಸುತ್ತಲಿನ ಗುಳಿಗಳೂ ಹೋಗಿದ್ದವು. ನನಗೆ ಬಹಳ ಸಂಕಟವಾಯಿತು. ಮರದಡಿ ಅಡಗಿದ್ದ ನಾಲ್ಕು ಬೆರಳಿನಷ್ಟು ಜಾಗದಲ್ಲಿ ಮಾತ್ರ ಹಳೇ ಮೈ ಉಳಿದಿತ್ತು. ನಳಿಗೆ ಹಳೆಯದು ಎಂದು ಬರೆದುಕೊಟ್ಟೆ. ಮುದ್ರೆಯ ಬಗ್ಗೆ ಏನೂ ಬರೆಯಲು ಆಗಲಿಲ್ಲ.